ಉಡುಗೊರೆಯೋ, ಸಾಲಪತ್ರವೋ?

ನಾನು ಕಾಗದದ ವ್ಯಾಪಾರಿ. ಆರ್.ಟಿ. ನಗರದಲ್ಲಿ ಮೂವತ್ತೈದು ವರ್ಷಗಳಿಂದ ನೋಟುಪುಸ್ತಕ, ಲೇಖನಿ, ಶುಭಾಶಯ ಪತ್ರ, ಉಡುಗೊರೆ ಸುತ್ತುವ ಬಣ್ಣದ ಹಾಳೆ, ರಟ್ಟಿನ ಪೆಟ್ಟಿಗೆ, ರಿಬ್ಬನ್ನು ಇವುಗಳನ್ನು ಮಾರಿ ಸಂಸಾರ ಸಾಗಿಸಿದ್ದೇನೆ. ಸುಲ್ತಾನಪೇಟೆಯ ಸಗಟು ಮಳಿಗೆಗಳಿಂದ ಹೊತ್ತು ತಂದ ಬಣ್ಣದ ಹಾಳೆಗಳೇ ನನ್ನ ಇಬ್ಬರು ಮಕ್ಕಳ ವಿದ್ಯಾಭ್ಯಾಸದ ಖರ್ಚನ್ನು ಭರಿಸಿವೆ. ಅಂತಹವನು ಉಡುಗೊರೆಯ ವ್ಯಾಪಾರೀಕರಣವನ್ನು ಖಂಡಿಸಿ ಲೇಖನ ಬರೆಯುವುದೆಂದರೆ ಗಾಣಿಗನು ಎಣ್ಣೆಯನ್ನು ನಿಂದಿಸಿದಂತೆ ಎಂದು ಓದುಗ ಮಹಾಶಯರು ನಗಬಹುದು. ನಗಲಿ. ಆದರೆ ಎಣ್ಣೆಯಲ್ಲಿ ಏನು ಬೆರೆತಿದೆ ಎಂಬುದನ್ನು ಗಾಣಿಗನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಮಾತನ್ನು ಬರೆಯಲು ನನ್ನನ್ನು ಪ್ರೇರಿಸಿದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಕಳೆದ ಡಿಸೆಂಬರ್ ತಿಂಗಳ ಮೂರನೆಯ ವಾರ, ಅಂಗಡಿ ಮುಚ್ಚುವ ಹೊತ್ತು. ಆಟೋರಿಕ್ಷಾ ಚಾಲಕರೊಬ್ಬರು ಖಾಕಿ ಅಂಗಿಯಲ್ಲಿಯೇ ಒಳಗೆ ಬಂದರು. ಅವರ ಮಗಳು ಕಲಿಯುವ ಶಾಲೆಯಲ್ಲಿ ಕ್ರಿಸ್‌ಮಸ್ ನಿಮಿತ್ತ ಮಕ್ಕಳಿಂದ ಚೀಟಿ ಎತ್ತಿಸಿ, ಯಾರ ಹೆಸರು ಬಂದರೆ ಅವರಿಗೆ ಉಡುಗೊರೆ ಕೊಡಬೇಕೆಂದು ಸೂಚಿಸಿದ್ದರಂತೆ. ಮುನ್ನೂರು ರೂಪಾಯಿಗೆ ಮೀರಬಾರದೆಂಬ ನಿಯಮವೂ ಇತ್ತಂತೆ.

"ಯಜಮಾನ್ರೇ, ಮುನ್ನೂರರೊಳಗೆ ಏನಾದ್ರೂ ಕೊಡಿ. ಒಳಗಡೆ ಏನಿದ್ರೂ ನಡೆಯುತ್ತೆ. ಡಬ್ಬ ಮಾತ್ರ ದೊಡ್ಡದಾಗಿ ಕಾಣಬೇಕು" ಎಂದರು.

"ಯಾಕಪ್ಪಾ ಹಾಗೆ?" ಎಂದೆ.

"ಹೋದ ವರ್ಷ ನನ್ನ ಮಗಳು ಕೊಟ್ಟಿದ್ದು ಚಿಕ್ಕದಾಯ್ತು ಅಂತ ಮಕ್ಕಳು ನಕ್ಕರಂತೆ. ಈ ಸಲ ಸ್ಕೂಲಿಗೇ ಹೋಗಲ್ಲ ಅಂತ ಕೂತಿದ್ದಾಳೆ."

ನಾನು ಏನು ಮಾಡಿದೆ? ಆತನಿಗೆ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೂರಿಪ್ಪತ್ತು ರೂಪಾಯಿಯ ಬಣ್ಣದ ಪೆನ್ಸಿಲಿನ ಡಬ್ಬಿಯನ್ನು ತೆಗೆದು, ತೊಂಬತ್ತೈದು ರೂಪಾಯಿಯ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಕಾಗದದ ಚೂರು ತುಂಬಿ, ಹೊಳೆಯುವ ಹಾಳೆ ಸುತ್ತಿ ರಿಬ್ಬನ್ನು ಕಟ್ಟಿದೆ. ಹಾಳೆ, ಚೂರು, ರಿಬ್ಬನ್ನು ಸೇರಿ ಅರವತ್ತೈದು. ಒಟ್ಟು ಇನ್ನೂರ ಎಂಬತ್ತು. ಆತ ಹತ್ತರ, ಇಪ್ಪತ್ತರ ನೋಟುಗಳನ್ನು ಎಣಿಸಿಕೊಟ್ಟು, ಕೈಮುಗಿದು ಹೋದರು. ರಾತ್ರಿ ಲೆಕ್ಕ ಬರೆಯುವಾಗ ನನಗೆ ಹೊಳೆದದ್ದು ಇದು: ಆ ಮಾರಾಟದಲ್ಲಿ ನನಗೆ ಹೆಚ್ಚು ಲಾಭ ಬಂದದ್ದು ಪೆನ್ಸಿಲಿನಿಂದಲ್ಲ, ಪೆಟ್ಟಿಗೆಯೊಳಗಿನ ಖಾಲಿ ಜಾಗದಿಂದ. ಒಬ್ಬ ಬಡ ತಂದೆಯ ಅಳುಕನ್ನು ನಾನು ಅಳತೆ ಮಾಡಿ ಮಾರಿದ್ದೆ.

ಆ ಮನುಷ್ಯನು ತಂದದ್ದು ಉಡುಗೊರೆಗಾಗಿ ತೆಗೆದಿಟ್ಟ ಹಣವಲ್ಲ. ಅದು ಮಗಳ ಮಾನವನ್ನು ಉಳಿಸಿಕೊಳ್ಳಲು ತೆತ್ತ ದಂಡ. ಕೊಡದಿದ್ದರೆ ಅವಮಾನ, ಕೊಟ್ಟರೆ ಪ್ರತಿಯಾಗಿ ಬರಬೇಕೆಂಬ ನಿರೀಕ್ಷೆ, ಪಡೆದರೆ ಹಿಂದಿರುಗಿಸಬೇಕೆಂಬ ಭಾರ: ಈ ಮೂರೂ ಕೂಡಿದ ವಸ್ತುವನ್ನು ಉಡುಗೊರೆ ಎಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ. ಅದು ಸಾಲ. ಬಡ್ಡಿಯ ದರವನ್ನು ಬರೆಯದ, ತೀರುವಳಿಯ ದಿನವೂ ಇಲ್ಲದ ಸಾಲ. ಈ ಲೇಖನದಲ್ಲಿ ನಾನು ಹೇಳಬಯಸುವುದು ಇಷ್ಟೇ.

ಹಬ್ಬದ ಮೇಲಲ್ಲ ನನ್ನ ಆಕ್ಷೇಪ

ಈ ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. ಕ್ರಿಸ್‌ಮಸ್ ಹಬ್ಬ ಈ ಅನರ್ಥಕ್ಕೆ ಹೊಣೆಯಲ್ಲ. ಅನ್ಯರ ಹಬ್ಬದ ಕಡೆ ಬೆರಳು ತೋರಿಸಿ ನಮ್ಮ ಮನೆಯ ಕಸವನ್ನು ಮುಚ್ಚಿಡುವ ಉದ್ದೇಶವೂ ನನಗಿಲ್ಲ.

ಇಂದು ಕೆಂಪಂಗಿ ತೊಡಿಸಿ ಅಂಗಡಿಗಳ ಬಾಗಿಲಲ್ಲಿ ನಿಲ್ಲಿಸುವ ಸಾಂತಾಕ್ಲಾಸ್ ಎಂಬ ಮುದುಕನ ಮೂಲವನ್ನು ವಿಚಾರಿಸಿದರೆ ಅಚ್ಚರಿಯಾಗುತ್ತದೆ. ಈಗಿನ ತುರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಧರ್ಮಾಧ್ಯಕ್ಷರಾಗಿದ್ದವರು ಸಂತ ನಿಕೊಲಾಸ್. ಅವರ ಕುರಿತಾದ ಪ್ರಸಿದ್ಧ ಐತಿಹ್ಯ ಹೀಗಿದೆ: ವರದಕ್ಷಿಣೆಗೆ ಗತಿಯಿಲ್ಲದ ತಂದೆಯೊಬ್ಬನಿಗೆ ಮೂವರು ಹೆಣ್ಣುಮಕ್ಕಳು. ಆ ಮಕ್ಕಳು ಬೀದಿಪಾಲಾಗುವ ಸ್ಥಿತಿ ಬಂದಾಗ ನಿಕೊಲಾಸರು ರಾತ್ರಿಯ ಕತ್ತಲಲ್ಲಿ ಯಾರಿಗೂ ಕಾಣದಂತೆ ಕಿಟಕಿಯ ಮೂಲಕ ಚಿನ್ನದ ಗಂಟನ್ನು ಎಸೆದು ಹೋದರು. ಮೂರನೆಯ ಸಲ ಆ ತಂದೆ ಕಾದಿದ್ದು ಅವರನ್ನು ಹಿಡಿದುಕೊಂಡಾಗ, ತಾವು ಬದುಕಿರುವವರೆಗೆ ಈ ಮಾತನ್ನು ಯಾರಿಗೂ ತಿಳಿಸಬಾರದೆಂದು ಆತನಿಂದ ಮಾತು ಪಡೆದರಂತೆ.

ನಮ್ಮ ಹಿರಿಯರು ಇದನ್ನು ಗುಪ್ತದಾನ ಎಂದು ಕರೆಯುತ್ತಿದ್ದರು. ಅಗತ್ಯವಿದ್ದವರಿಗೆ, ಅಗತ್ಯವಿದ್ದ ಹೊತ್ತಿಗೆ, ಅಗತ್ಯವಿದ್ದುದನ್ನೇ, ಹೆಸರಿಲ್ಲದೆ ಕೊಟ್ಟದ್ದು. ಆ ಸಂತರ ಹೆಸರಿನಲ್ಲಿ ಇಂದು ನಡೆಯುತ್ತಿರುವುದಾದರೋ ಅಗತ್ಯವಿಲ್ಲದವರಿಗೆ, ನಿಗದಿತ ದಿನಾಂಕದಂದು, ಯಾರಿಗೂ ಬೇಡವಾದುದನ್ನು, ಎಲ್ಲರೂ ನೋಡುವಂತೆ ಕೊಡುವುದು. ಸಂತರನ್ನು ನಂಬುವವರೇ ಮೊದಲು ನೊಂದುಕೊಳ್ಳಬೇಕಾದ ವಿಷಯವಿದು. ಅವರಲ್ಲಿ ಅನೇಕರು ನೊಂದುಕೊಂಡಿರುವುದನ್ನೂ ನಾನು ಬಲ್ಲೆ.

ನಮ್ಮ ನೆರೆಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ, ಕ್ರೈಸ್ತರು. ನಾವು ಅವರನ್ನು ಟೀಚರಮ್ಮ ಎಂದೇ ಕರೆಯುತ್ತೇವೆ. ಪ್ರತಿವರ್ಷ ಡಿಸೆಂಬರ್ 25ರಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದವರೇ ನಮ್ಮ ಮನೆಗೆ ಒಂದು ಸ್ಟೀಲ್ ತಟ್ಟೆಯಲ್ಲಿ ಬಾಳೆಹಣ್ಣು, ಕಿತ್ತಳೆ, ಕಲ್ಲುಸಕ್ಕರೆ ತರುತ್ತಾರೆ. ಬೇರೆಲ್ಲ ಮನೆಗಳಿಗೂ ಅವರು ಕೊಡುವುದು ಕೇಕು. ನಮಗೆ ಮಾತ್ರ ಹಣ್ಣು. "ಅಣ್ಣಾವ್ರೇ, ಕೇಕಿಗೆ ಮೊಟ್ಟೆ ಹಾಕಿದ್ದೀನಿ, ನಿಮಗಾಗಲ್ಲ" ಎಂದು ಮೊದಲ ವರ್ಷ ಹೇಳಿದ್ದರು. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಆ ತಟ್ಟೆಯ ಬೆಲೆ ನೂರು ರೂಪಾಯಿಯೂ ಆಗಲಾರದು. ಆದರೆ ನಾವು ಏನನ್ನು ತಿನ್ನುತ್ತೇವೆ, ಏನನ್ನು ತಿನ್ನುವುದಿಲ್ಲ, ಏಕೆ ತಿನ್ನುವುದಿಲ್ಲ ಎಂಬುದನ್ನು ತಿಳಿದುಕೊಂಡ ಒಂದು ಮನಸ್ಸು ಆ ತಟ್ಟೆಯಲ್ಲಿದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆ. ನಮ್ಮೊಡನೆ ವ್ಯವಹಾರವಿರುವ ಒಂದು ಸಂಸ್ಥೆಯಿಂದ ಒಂದು ವರ್ಷ ಭಾರೀ ಪೆಟ್ಟಿಗೆಯೊಂದು ಬಂದಿತು. ಮಖಮಲ್ಲಿನ ಹಾಸು, ಚಿನ್ನದ ಬಣ್ಣದ ತಟ್ಟೆ, ನಡುವೆ ಒಂದು ಶೀಶೆ ಜೇನುತುಪ್ಪ! ಮಧುವನ್ನು ಮದ್ಯ, ಮಾಂಸಗಳ ಸಾಲಿನಲ್ಲಿಟ್ಟು ತ್ಯಜಿಸಿದ ಮನೆಗೆ ಜೇನಿನ ಶೀಶೆ. ಕಳುಹಿಸಿದವರಿಗೆ ದುರುದ್ದೇಶವಿರಲಿಲ್ಲ. ಅವರಿಗೆ ನಾನೇ ಇರಲಿಲ್ಲ. ಅವರ ಗಣಕಯಂತ್ರದ ಪಟ್ಟಿಯಲ್ಲಿ ನನ್ನ ವಿಳಾಸ ಮಾತ್ರ ಇತ್ತು. ಆ ಪೆಟ್ಟಿಗೆಯ ಬೆಲೆ ಟೀಚರಮ್ಮನ ತಟ್ಟೆಯ ಬೆಲೆಗಿಂತ ಹಲವು ಪಾಲು ಹೆಚ್ಚು.

ಹಬ್ಬ ಸಂತೆಯಾದ ಬಗೆ

ಈ ರೋಗ ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ, ಇಂದು ನಿನ್ನೆಯದೂ ಅಲ್ಲ. 1912ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಎಲಿನಾರ್ ಬೆಲ್ಮಾಂಟ್ ಮತ್ತು ಆನ್ ಮಾರ್ಗನ್ ಎಂಬ ಮಹಿಳೆಯರು ನಿರುಪಯುಕ್ತ ಉಡುಗೊರೆಗಳನ್ನು ತಡೆಯುವ ಸಂಘವೊಂದನ್ನು ಸ್ಥಾಪಿಸಿದರು. ಅದರ ಹಿನ್ನೆಲೆ ಗಮನಾರ್ಹವಾದುದು. ದೊಡ್ಡ ಮಳಿಗೆಗಳಲ್ಲಿ ಅಲ್ಪ ಸಂಬಳಕ್ಕೆ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕ್ರಿಸ್‌ಮಸ್ ಬಂದೊಡನೆ ತಮ್ಮ ಮೇಲಧಿಕಾರಿಗಳಿಗೆ ಉಡುಗೊರೆ ಕೊಡಲು ತಮ್ಮ ಕೂಲಿಯಿಂದ ಹಣ ತೆರಬೇಕಾಗಿತ್ತು. ಇಲ್ಲವೆನ್ನುವ ಧೈರ್ಯ ಒಬ್ಬೊಬ್ಬರಿಗೂ ಇರಲಿಲ್ಲ. ಸಂಘ ಸೇರಿ ಇಲ್ಲವೆಂದರು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಆ ಸಂಘದ ಸದಸ್ಯರಾದರು.

ಆದರೆ ಸಂತೆಯ ಬಲ ಸಂಘದ ಬಲವನ್ನು ಮೀರಿತು. 1939ರಲ್ಲಿ ನಡೆದುದನ್ನು ನೋಡಿರಿ. ಆ ದೇಶದಲ್ಲಿ ನವೆಂಬರ್ ತಿಂಗಳ ಕೊನೆಯ ಗುರುವಾರ ಕೃತಜ್ಞತಾ ದಿನದ ಹಬ್ಬವಿರುತ್ತಿತ್ತು. ಅದು ಕಳೆದ ಮೇಲೆಯೇ ಕ್ರಿಸ್‌ಮಸ್ ಖರೀದಿ ಆರಂಭವಾಗುವುದು ರೂಢಿ. ಆ ವರ್ಷ ಕೊನೆಯ ಗುರುವಾರ 30ನೆಯ ತಾರೀಖು ಬಿದ್ದುದರಿಂದ ಮಾರಾಟದ ದಿನಗಳು ಕಡಿಮೆಯಾಗುವುವೆಂದು ವರ್ತಕರು ಮೊರೆಯಿಟ್ಟರು. ಅಂದಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ನೆಯ ತಾರೀಖಿಗೆ ತಂದರು. ಕೆಲವು ರಾಜ್ಯಗಳು ಒಪ್ಪದೆ ಹಳೆಯ ದಿನವೇ ಆಚರಿಸಿದವು. ಕೊನೆಗೆ 1941ರಲ್ಲಿ ಅಲ್ಲಿಯ ಸಂಸತ್ತು ನಾಲ್ಕನೆಯ ಗುರುವಾರವೆಂದು ನಿಶ್ಚಯಿಸಬೇಕಾಯಿತು. ನಮ್ಮಲ್ಲಿ ಪಂಚಾಂಗ ನೋಡಿ ಅಂಗಡಿ ತೆರೆಯುತ್ತಾರೆ. ಅಲ್ಲಿ ಅಂಗಡಿಯ ಅನುಕೂಲ ನೋಡಿ ಪಂಚಾಂಗವನ್ನು ತಿದ್ದಿದರು.

ಇದು ದೂರದ ಕಥೆಯೆಂದು ತಿಳಿಯಬೇಡಿ. ನಮ್ಮ ಉತ್ತರ ಬೆಂಗಳೂರಿನಲ್ಲಿಯೇ ಏನಾಯಿತು? 2023ರ ಅಕ್ಟೋಬರ್ ತಿಂಗಳಲ್ಲಿ ಹೆಬ್ಬಾಳದಿಂದಾಚೆ, ಬ್ಯಾಟರಾಯನಪುರದ ಬಳಿ ಬಳ್ಳಾರಿ ರಸ್ತೆಯ ಅಂಚಿನಲ್ಲಿ ಮಾಲ್ ಆಫ್ ಏಷ್ಯಾ ತೆರೆಯಿತು. ಆ ವರ್ಷಾಂತ್ಯದ ದಿನಗಳಲ್ಲಿ ಅಲ್ಲಿಯ ವಾಹನದಟ್ಟಣೆ ಎಂತಹ ಸ್ಥಿತಿಗೆ ಹೋಯಿತೆಂದರೆ, ನಗರ ಪೊಲೀಸ್ ಆಯುಕ್ತರು ಡಿಸೆಂಬರ್ 31ರಿಂದ 2024ರ ಜನವರಿ 15ರವರೆಗೆ ಅಲ್ಲಿಗೆ ಸಾರ್ವಜನಿಕರ ಪ್ರವೇಶವನ್ನು ನಿರ್ಬಂಧಿಸಿ 144ನೆಯ ಕಲಮಿನಡಿ ಆದೇಶ ಹೊರಡಿಸಿದರು. ಮಾಲಿನವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅಲ್ಲಿ ನೆರೆದವರೆಲ್ಲ ಉಡುಗೊರೆ ಕೊಳ್ಳಲೆಂದೇ ಬಂದರೆಂದು ನಾನು ಹೇಳಲಾರೆ; ನೋಡಲು, ತಿನ್ನಲು, ಸುಮ್ಮನೆ ತಿರುಗಾಡಲು ಬಂದವರೂ ಅನೇಕರು. ಆದರೂ ಗಲಭೆಗಳನ್ನು ತಡೆಯಲೆಂದು ಸಾಮಾನ್ಯವಾಗಿ ಬಳಸುತ್ತಿದ್ದ ಕಲಮನ್ನು ಖರೀದಿಯ ಜಾತ್ರೆಯೊಂದನ್ನು ತಡೆಯಲು ಬಳಸಬೇಕಾಯಿತಲ್ಲ, ಇದನ್ನು ನಾವು ಸುಮ್ಮನೆ ಮರೆಯಬಾರದು.

ನಾಗವಾರ, ಹೆಬ್ಬಾಳದ ಕಡೆಯ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರು ಡಿಸೆಂಬರಿನಲ್ಲಿ ನನ್ನ ಅಂಗಡಿಗೆ ಬರುತ್ತಾರೆ. ಅವರಲ್ಲಿಯೂ ಈಗ ಚೀಟಿ ಎತ್ತುವ ಪದ್ಧತಿ. 'ಸೀಕ್ರೆಟ್ ಸಾಂತಾ' ಎಂದು ಹೆಸರು. ಒಬ್ಬ ಹೆಣ್ಣುಮಗಳು ಒಮ್ಮೆ ಹೇಳಿದಳು: "ಅಂಕಲ್, ನನಗೆ ನಮ್ಮ ಮ್ಯಾನೇಜರ್ ಹೆಸರೇ ಬಂದಿದೆ. ಐನೂರು ಅಂತ ಲಿಮಿಟ್ ಇದೆ, ಆದರೆ ಐನೂರರದ್ದು ಹೇಗೆ ಕೊಡೋದು?" ಆಕೆ ಒಯ್ದದ್ದು ಸಾವಿರದ ಮುನ್ನೂರರ ಲೇಖನಿ. 1912ರ ನ್ಯೂಯಾರ್ಕಿನ ಹೆಣ್ಣುಮಕ್ಕಳು ಸಂಘ ಕಟ್ಟಿ ಕಳಚಿಕೊಳ್ಳಬಯಸಿದ ನೊಗವನ್ನು ನಮ್ಮ ಹೆಣ್ಣುಮಕ್ಕಳು ನಗುನಗುತ್ತ ಹೊರುತ್ತಿದ್ದಾರೆ.

ಲೆಕ್ಕಪುಸ್ತಕ ಏನು ಹೇಳುತ್ತದೆ?

ನಾನು ವಾಣಿಜ್ಯಶಾಸ್ತ್ರ ಓದಿದವನು. ಆದ್ದರಿಂದ ಜಮಾ-ಖರ್ಚಿನ ದೃಷ್ಟಿಯಿಂದಲೂ ಇದನ್ನು ಪರಿಶೀಲಿಸೋಣ.

ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಅವರು ಕೇಳಿದ ಪ್ರಶ್ನೆ ಸರಳ: ನಿಮಗೆ ಬಂದ ಉಡುಗೊರೆಗೆ ಕೊಟ್ಟವರು ಎಷ್ಟು ತೆತ್ತಿರಬಹುದು? ಭಾವನೆಯ ಬೆಲೆಯನ್ನು ಬಿಟ್ಟು, ನೀವೇ ಕೊಳ್ಳುವುದಾಗಿದ್ದರೆ ಅದಕ್ಕೆ ಎಷ್ಟು ಕೊಡುತ್ತಿದ್ದಿರಿ? ಈ ಎರಡರ ನಡುವಿನ ಅಂತರವೇ ನಷ್ಟ. ಬೆಲೆಯ ಹತ್ತರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿನವರೆಗೆ ಹೀಗೆ ಹೊಳೆಯಲ್ಲಿ ಹುಣಿಸೆ ಕಿವುಚಿದಂತಾಗುತ್ತದೆ ಎಂದು ಅವರು ಅಂದಾಜು ಮಾಡಿದರು. ಆಪ್ತ ಸ್ನೇಹಿತರ ಉಡುಗೊರೆಗಳಲ್ಲಿ ನಷ್ಟ ಅತಿ ಕಡಿಮೆ. ದೂರದ ಬಂಧುಗಳ ಉಡುಗೊರೆಗಳಲ್ಲಿ ಹೆಚ್ಚು. ಭಾವನೆಯನ್ನು ಲೆಕ್ಕದಿಂದ ಹೊರಗಿಟ್ಟುದಕ್ಕೆ ಅವರನ್ನು ಆಕ್ಷೇಪಿಸಿದವರುಂಟು. ಆ ಆಕ್ಷೇಪ ನ್ಯಾಯವೇ. ಆದರೆ ಜೇನಿನ ಶೀಶೆಯ ಪೆಟ್ಟಿಗೆಯಲ್ಲಿ ಭಾವನೆ ಎಲ್ಲಿತ್ತು? ಪರಿಚಯ ಕಡಿಮೆಯಾದಷ್ಟೂ ವ್ಯರ್ಥ ಹೆಚ್ಚು ಎಂಬ ತೀರ್ಮಾನವನ್ನು ನನ್ನ ಅಂಗಡಿಯ ಅನುಭವವೂ ಸಮರ್ಥಿಸುತ್ತದೆ. ನಾನೇ ಸುತ್ತಿ ಮಾರಿದ ಪೆಟ್ಟಿಗೆಯೊಂದು ಎರಡು ವರ್ಷಗಳ ನಂತರ, ಬಿಚ್ಚದೆ, ಹೊಸ ಹಾಳೆ ಸುತ್ತಿಸಲೆಂದು ಬೇರೊಬ್ಬರ ಕೈಯಲ್ಲಿ ನನ್ನ ಮುಂದೆ ಬಂದು ಕುಳಿತದ್ದುಂಟು.

ನಮ್ಮ ತೆರಿಗೆ ಕಾನೂನುಗಳಿಗಂತೂ ಈ ವಿಷಯದಲ್ಲಿ ಭ್ರಮೆಯೇ ಇಲ್ಲ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕಾಯ್ದೆ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ವರ್ತಕನಿಗೆ ಇನ್‌ಪುಟ್ ಕ್ರೆಡಿಟ್ಟನ್ನು ನಿರಾಕರಿಸಿತು. ವ್ಯವಹಾರದ ನಿಮಿತ್ತ ಒಬ್ಬರಿಗೆ ಕೊಡುವ ಲಾಭ, ಸೌಲಭ್ಯಗಳು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇಕಡಾ 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕೆಂದು 2022ರ ಜುಲೈ 1ರಿಂದ ನಿಯಮವಾಯಿತು. ಅರ್ಥಾತ್, ಹಬ್ಬದ ಶುಭಾಶಯದ ಹೆಸರಿನಲ್ಲಿ ಗಿರಾಕಿಗೆ, ಅಧಿಕಾರಿಗೆ, ಖರೀದಿ ವಿಭಾಗದವರಿಗೆ ಕಳುಹಿಸುವ ಪೆಟ್ಟಿಗೆಯೊಳಗೆ ಪ್ರೀತಿಯಲ್ಲ, ವ್ಯವಹಾರವಿದೆ ಎಂದು ಸರ್ಕಾರಕ್ಕೆ ಗೊತ್ತು. ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು. ಗೊತ್ತಿಲ್ಲವೆಂದು ನಟಿಸುವುದು ಪೆಟ್ಟಿಗೆಯ ಮೇಲಿನ ಶುಭಾಶಯ ಪತ್ರವೊಂದೇ.

ಇಲ್ಲಿ ಒಂದು ಪ್ರಶ್ನೆ ಏಳಬಹುದು: ಕೊಟ್ಟು ತೆಗೆದುಕೊಳ್ಳುವುದು ನಮ್ಮಲ್ಲಿಯೂ ಹಿಂದಿನಿಂದ ಇಲ್ಲವೇ? ಇದೆ. ನಮ್ಮ ಹಳ್ಳಿಗಳ ಮದುವೆಮನೆಗಳಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ನೀವು ನೋಡಿರಬಹುದು. ಬಾಗಿಲ ಬಳಿ ಒಬ್ಬರು ಕುಳಿತು ಇಂತಹವರು ಇಷ್ಟು ಎಂದು ಬರೆದುಕೊಳ್ಳುತ್ತಾರೆ. ಅವರ ಮನೆಯ ಮದುವೆಗೆ ಇವರು ಅಷ್ಟನ್ನು, ಸಾಧ್ಯವಾದರೆ ಸ್ವಲ್ಪ ಹೆಚ್ಚಾಗಿ, ಹಿಂದಿರುಗಿಸುತ್ತಾರೆ. ಆದರೆ ಮುಯ್ಯಿಗೂ ಇಂದಿನ ಉಡುಗೊರೆಗೂ ಎರಡು ಅಂತರಗಳಿವೆ. ಮುಯ್ಯಿ ಖರ್ಚಿನ ಭಾರ ಬಿದ್ದ ಮನೆಗೆ, ಭಾರ ಬಿದ್ದ ದಿನವೇ, ಬಹುಮಟ್ಟಿಗೆ ನಗದಾಗಿ ಸಲ್ಲುತ್ತಿತ್ತು. ಅದರಲ್ಲಿ ಒಂದು ಕಾಸೂ ಮೂಲೆಗೆ ಬೀಳುತ್ತಿರಲಿಲ್ಲ. ಎರಡನೆಯದಾಗಿ, ಮುಯ್ಯಿ ತನ್ನನ್ನು ಮುಯ್ಯಿ ಎಂದೇ ಕರೆದುಕೊಂಡಿತು. ಉಪಕಾರವೆಂದು ಸೋಗು ಹಾಕಲಿಲ್ಲ. ಅದು ಊರಿನ ಪ್ರಾಮಾಣಿಕವಾದ ಕೈಸಾಲ. ಹಾಗಿದ್ದರೂ ನಮ್ಮ ಜನ ಆ ಪದದಲ್ಲಿಯೇ ಒಂದು ಎಚ್ಚರಿಕೆಯನ್ನು ಇಟ್ಟರು. ಹಗೆ ತೀರಿಸಿಕೊಳ್ಳುವುದಕ್ಕೂ ನಾವು 'ಮುಯ್ಯಿ ತೀರಿಸು' ಎಂದೇ ಹೇಳುತ್ತೇವೆ. ಲೆಕ್ಕವಿಟ್ಟು ಕೊಡುವ ಕೈ ಒಂದು ದಿನ ಲೆಕ್ಕವಿಟ್ಟು ಹೊಡೆಯಲೂ ಬಲ್ಲುದು.

ನಮ್ಮ ಮನೆಯ ಕಸ

ಸಾಧರ್ಮಿಕ ಬಂಧುಗಳೇ, ಕ್ರಿಸ್‌ಮಸ್ಸಿನ ಮಾತು ಹೇಳಿ ನಮ್ಮ ದೀಪಾವಳಿಯ ಮಾತು ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ. ಭಗವಾನ್ ಮಹಾವೀರರ ನಿರ್ವಾಣದ ದಿನವನ್ನು ನಾವು ಡಬ್ಬಿಗಳ ವಿನಿಮಯದ ದಿನವನ್ನಾಗಿ ಮಾಡಿಕೊಂಡಿಲ್ಲವೇ? ಒಣಹಣ್ಣಿನ ಪೆಟ್ಟಿಗೆಗಳನ್ನು ನಾನೇ ಒದಗಿಸುತ್ತೇನೆ, ಆದ್ದರಿಂದ ಬಲ್ಲೆ. ಕಾಲು ಕಿಲೋ ಬಾದಾಮಿ, ಗೋಡಂಬಿಗಳನ್ನು ಎರಡು ಕಿಲೋ ಹಿಡಿಯುವ ಪೆಟ್ಟಿಗೆಯಲ್ಲಿ ಹರಡುತ್ತಾರೆ. ಸರ್ವಸ್ವವನ್ನೂ ತೊರೆದವರ ಸ್ಮರಣೆಗೆ ಬೇಡದ ವಸ್ತುಗಳ ಪ್ರದರ್ಶನ!

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ಹೇಳಿದ್ದಾರೆ. ಅವುಗಳಲ್ಲಿ ಮೂರು ಮಾತುಗಳು ಈ ಸಂದರ್ಭಕ್ಕೆಂದೇ ಹೇಳಿದಂತಿವೆ. ಮೊದಲನೆಯದು, ಅತಿಥಿ ಸಂವಿಭಾಗ ವ್ರತದ ಅತಿಚಾರಗಳಲ್ಲಿ ಮಾತ್ಸರ್ಯವೂ ಒಂದು: ಅನ್ಯ ದಾತೃವಿನ ಮೇಲಿನ ಪೈಪೋಟಿಯಿಂದ, ಆದರವಿಲ್ಲದೆ ಕೊಡುವುದು. ಕೊಡದಿರುವುದಷ್ಟೇ ಅಲ್ಲ, ಪೈಪೋಟಿಗೆ ಬಿದ್ದು ಕೊಡುವುದೂ ದೋಷ ಎಂದು ಆಚಾರ್ಯರು ಕಂಡರು. ಎರಡನೆಯದು, ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಕೂಡಿಹಾಕುವುದನ್ನು ಹೇಳಿದ್ದಾರೆ. ಒಂದು ಮರ ಕಾಗದವಾಗಿ, ಕಾಗದ ಪೆಟ್ಟಿಗೆಯಾಗಿ, ಪೆಟ್ಟಿಗೆ ಮರುದಿನ ಬೆಳಿಗ್ಗೆ ಕಸದ ಗಾಡಿಗೆ ಬಿದ್ದರೆ ಪ್ರಯೋಜನವಿಲ್ಲದ ಹಿಂಸೆ ಅದಲ್ಲದೆ ಬೇರಾವುದು? ಮೂರನೆಯದು, ವ್ರತಿಯಾದವನು ಮೂರು ಶಲ್ಯಗಳಿಂದ ಮುಕ್ತನಾಗಿರಬೇಕು. ಅವುಗಳಲ್ಲಿ ನಿದಾನ, ಎಂದರೆ ಫಲದ ಬಯಕೆ, ಒಂದು. ಮೈಯಲ್ಲಿ ನೆಟ್ಟ ಮುಳ್ಳಿನಂತೆ ಅದು ಒಳಗೇ ಚುಚ್ಚುತ್ತಿರುತ್ತದೆ. ನಾವು ಕಳುಹಿಸಿದ ಪೆಟ್ಟಿಗೆಗೆ ಪ್ರತಿಯಾಗಿ ಬಂದ ಪೆಟ್ಟಿಗೆ ಚಿಕ್ಕದಾಗಿದ್ದರೆ ಎದೆಯಲ್ಲಿ ಏನೋ ಚುಚ್ಚುತ್ತದೆಯಲ್ಲವೇ? ಅದೇ ಶಲ್ಯ.

ಕೊಡುವುದನ್ನೇ ಬಿಟ್ಟುಬಿಡಿ ಎಂದು ಧರ್ಮ ಹೇಳಲಿಲ್ಲ. ದಾನಚಿಂತಾಮಣಿ ಎಂಬ ಬಿರುದು ಪಡೆದ ಅತ್ತಿಮಬ್ಬೆಯವರನ್ನು ನೆನೆಯೋಣ. ಅಚ್ಚಿನ ಯಂತ್ರವಿಲ್ಲದ, ಪ್ರತಿಯೊಂದು ಗರಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದ ಹತ್ತನೆಯ ಶತಮಾನದಲ್ಲಿ ಅವರು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದರೆಂದು ಪ್ರಸಿದ್ಧವಾಗಿದೆ. ಅದು ಸಣ್ಣ ಖರ್ಚಲ್ಲ. ಆದರೆ ಪಡೆದವನು ಮರಳಿ ಕೊಡಬೇಕಾದುದೇನೂ ಇರಲಿಲ್ಲ, ಓದಬೇಕಾಗಿತ್ತು, ಅಷ್ಟೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಮ್ಮವರು ಎಣಿಸಿದ ನಾಲ್ಕು ದಾನಗಳಲ್ಲಿ ಯಾವುದಕ್ಕೂ ಹೊಳೆಯುವ ಹಾಳೆ ಬೇಕಿಲ್ಲ.

ಎರಡು ಆಕ್ಷೇಪಗಳು

ನನ್ನ ಹಿರಿಯ ಮಗ ಈಗ ಅಂಗಡಿಯನ್ನು ನೋಡಿಕೊಳ್ಳುತ್ತಾನೆ. ಈ ಲೇಖನದ ಕರಡನ್ನು ಓದಿ ಅವನು ಎರಡು ಆಕ್ಷೇಪಗಳನ್ನು ಎತ್ತಿದನು. ಅವು ಅನೇಕರ ಆಕ್ಷೇಪಗಳೂ ಆಗಿರುವುದರಿಂದ ಇಲ್ಲಿಯೇ ಉತ್ತರಿಸುತ್ತೇನೆ.

"ಅಪ್ಪಾಜಿ, ಜನ ಉಡುಗೊರೆ ಕೊಳ್ಳೋದು ಬಿಟ್ಟರೆ ಚನ್ನಪಟ್ಟಣದ ಬೊಂಬೆ ಮಾಡುವವನ ಗತಿ ಏನು? ನಮ್ಮ ಪೆಟ್ಟಿಗೆ ಅಂಟಿಸುವ ಹೆಂಗಸರ ಗತಿ ಏನು?" ಎಂಬುದು ಮೊದಲನೆಯದು. ಇದು ಹಗುರವಾದ ಪ್ರಶ್ನೆಯಲ್ಲ. ಚನ್ನಪಟ್ಟಣದ ಬೊಂಬೆಯನ್ನು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಬೊಂಬೆ ಬೇಕು; ಜನವರಿಯಲ್ಲಿಯೂ ಬೇಕು, ಜೂನಿನಲ್ಲಿಯೂ ಬೇಕು. ಮಗು ಆಡಿ ಸವೆಸುವ ಬೊಂಬೆಗೆ ಕೊಟ್ಟ ಹಣ ವ್ಯರ್ಥವಲ್ಲ. ಮುನ್ನೂರು ರೂಪಾಯಿಯಲ್ಲಿ ನೂರಿಪ್ಪತ್ತು ಮಾತ್ರ ವಸ್ತುವಿಗೆ ಸೇರಿ, ಮಿಕ್ಕದ್ದು ಖಾಲಿ ಜಾಗಕ್ಕೂ ಹೊಳಪಿಗೂ ಹೋಗುವ ವ್ಯವಸ್ಥೆ ಕುಶಲಕರ್ಮಿಗೆ ಅನ್ನ ಕೊಡುತ್ತಿದೆ ಎಂಬುದು ಸುಳ್ಳು. ಅವನ ಪಾಲನ್ನು ಅದು ಕಸಿಯುತ್ತಿದೆ. ಪೆಟ್ಟಿಗೆ ಅಂಟಿಸುವ ಹೆಂಗಸರ ಮಾತು ಮಾತ್ರ ನನ್ನನ್ನು ಕಟ್ಟಿಹಾಕಿತು. ಅವರಿಗೆ ಕೆಲಸ ಕಡಿಮೆಯಾದೀತು, ನಿಜ. ಅವರಿಗೆ ನೋಟುಪುಸ್ತಕದ ರಟ್ಟು ಕಟ್ಟುವ ಕೆಲಸ ಕೊಡುವುದು ನನ್ನ ಹೊಣೆ. ಅದನ್ನು ಮಾಡದೆ ಉಪದೇಶ ಮಾಡುವ ಹಕ್ಕು ನನಗಿಲ್ಲ.

ಎರಡನೆಯ ಆಕ್ಷೇಪ: "ಎಲ್ಲರೂ ಕೊಡುವಾಗ ನಾವೊಬ್ಬರೇ ಕೊಡದಿದ್ದರೆ ಜಿಪುಣರು ಅಂತಾರೆ." ಅನ್ನಲಿ. ಆ ಭಯವೇ ಈ ವ್ಯಾಪಾರದ ಬಂಡವಾಳ. ಸ್ಥಿತಿವಂತರಾದ ನಮಗೇ ಆ ಮಾತನ್ನು ತಾಳುವ ಶಕ್ತಿಯಿಲ್ಲದಿದ್ದರೆ ಆಟೋರಿಕ್ಷಾ ಚಾಲಕರಿಗೆ ಎಲ್ಲಿಂದ ಬರಬೇಕು? ಇಲ್ಲವೆನ್ನುವುದನ್ನು ಇದ್ದವರು ಮೊದಲು ಹೇಳಬೇಕು. ಆಗ ಇಲ್ಲದವರು ನಾಚಿಕೆಯಿಲ್ಲದೆ ಅದನ್ನು ಹೇಳಬಲ್ಲರು.

ನಾವು ಮಾಡಬಹುದಾದುದು

ವ್ರತವೆಂದರೆ ಪರಿಮಾಣ. ಮಿತಿ ಹಾಕಿಕೊಳ್ಳದ ಸಂಕಲ್ಪ ಗಾಳಿಮಾತು. ಆದ್ದರಿಂದ ಕೆಲವು ಮಿತಿಗಳನ್ನು ನಮ್ಮ ಮನೆಯಲ್ಲಿ ನಿಶ್ಚಯಿಸಿದ್ದೇವೆ. ಒಪ್ಪಿಗೆಯಾದರೆ ಓದುಗರೂ ಪರಿಶೀಲಿಸಬಹುದು.

ನಮ್ಮ ಕೈಕೆಳಗೆ ದುಡಿಯುವವರಿಂದ, ನಮ್ಮಿಂದ ಕೆಲಸ ಆಗಬೇಕಾದವರಿಂದ ಯಾವ ಉಡುಗೊರೆಯನ್ನೂ ಸ್ವೀಕರಿಸುವುದಿಲ್ಲ. ಅವರಿಗೆ ಕೊಡುವುದಿದ್ದರೆ ಸಂಬಳದ ಜೊತೆಗೆ ನಗದಾಗಿಯೇ ಕೊಡುತ್ತೇವೆ. ಅವರ ಅಗತ್ಯವನ್ನು ಅವರೇ ಬಲ್ಲರು. ವ್ಯವಹಾರದ ಸಂಬಂಧಿಗಳಿಗೆ ಹಬ್ಬದ ಪೆಟ್ಟಿಗೆ ಕಳುಹಿಸುವುದಿಲ್ಲ. ಒಂದು ಪತ್ರ ಬರೆಯುತ್ತೇವೆ, ಬಾಕಿಯನ್ನು ಹೊತ್ತಿಗೆ ಸರಿಯಾಗಿ ತೀರಿಸುತ್ತೇವೆ. ವರ್ತಕನಿಗೆ ಅದಕ್ಕಿಂತ ದೊಡ್ಡ ಶುಭಾಶಯವಿಲ್ಲ. ಮೊಮ್ಮಕ್ಕಳ ಹುಟ್ಟುಹಬ್ಬದಲ್ಲಿ ಬಂದ ಮಕ್ಕಳಿಗೆ 'ರಿಟರ್ನ್ ಗಿಫ್ಟ್' ಇಲ್ಲ. ಹೊಟ್ಟೆ ತುಂಬ ಊಟ. ಶಾಲೆಗಳ ಆಡಳಿತ ಮಂಡಲಿಗಳಲ್ಲಿ ನಮ್ಮವರು ಅನೇಕರಿದ್ದಾರೆ. ಮಕ್ಕಳಿಂದ ಉಡುಗೊರೆ ತರಿಸುವ ಪದ್ಧತಿಯನ್ನು ಅವರು ನಿಲ್ಲಿಸಲಿ. ಬೇಕಿದ್ದರೆ ಪ್ರತಿ ಮಗುವೂ ತನ್ನ ಕೈ ಬರಹದ ಒಂದು ಪತ್ರವನ್ನು ಇನ್ನೊಂದು ಮಗುವಿಗೆ ಕೊಡಲಿ. ಪತ್ರದ ಅಳತೆಯನ್ನು ನೋಡಿ ಯಾರೂ ನಗುವುದಿಲ್ಲ.

ಇನ್ನು ಅಂಗಡಿಯ ಮಾತು. ಒಳಗಿನ ವಸ್ತುವಿನ ಅಳತೆಗೆ ಮೀರಿದ ಪೆಟ್ಟಿಗೆಯನ್ನು ಮಾರುವುದಿಲ್ಲವೆಂದು ದೀಪಾವಳಿಗೆ ಮೊದಲೇ ನಿಶ್ಚಯಿಸಿದೆವು. ಪ್ಲಾಸ್ಟಿಕ್ ಲೇಪನದ ಹೊಳೆಯುವ ಹಾಳೆಯನ್ನೂ ತರಿಸುವುದನ್ನು ನಿಲ್ಲಿಸಿದೆವು. ಮಿಠಾಯಿ ಡಬ್ಬಿಗಳ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೇ ನಿಷೇಧಿಸಿದೆ. ಕಾನೂನು ಒಂದು ಹೆಜ್ಜೆ ಇಟ್ಟ ಕಡೆ ವ್ರತ ಎರಡು ಹೆಜ್ಜೆ ಇಡಬೇಕು. ಇದರ ಪರಿಣಾಮವಾಗಿ ಕಚೇರಿಗಳ ಎರಡು ದೊಡ್ಡ ಆರ್ಡರುಗಳು ಕೈಬಿಟ್ಟು ಹೋದವು. ಅಕ್ಟೋಬರಿನಿಂದ ಜನವರಿಯವರೆಗಿನ ವ್ಯಾಪಾರವೇ ನಮ್ಮ ವರ್ಷದ ಲಾಭದ ಸುಮಾರು ಮೂರನೆಯ ಒಂದು ಪಾಲು. ಅದರಲ್ಲಿ ಎಷ್ಟು ಕರಗುವುದೆಂದು ಮಾರ್ಚ್ ಕೊನೆಯ ಲೆಕ್ಕ ಹೇಳಲಿದೆ. ಮಗ ಮುಖ ಗಂಟಿಕ್ಕಿದ್ದಾನೆ, ಆದರೆ ತಡೆದಿಲ್ಲ. ಅದು ಅವನು ನನಗೆ ಕೊಟ್ಟ ಉಡುಗೊರೆಯೆಂದು ಭಾವಿಸಿದ್ದೇನೆ.

ಆ ಆಟೋರಿಕ್ಷಾ ಚಾಲಕರು ಈ ಡಿಸೆಂಬರಿನಲ್ಲಿ ಮತ್ತೆ ಬಂದರೆ ನಾನೇನು ಹೇಳಬೇಕೆಂದು ಹಲವು ಸಲ ಯೋಚಿಸಿದ್ದೇನೆ. ಬುದ್ಧಿವಾದ ಹೇಳಿ ಬರಿಗೈಯಲ್ಲಿ ಕಳುಹಿಸಿದರೆ ನಗುವಿಗೆ ಗುರಿಯಾಗುವವಳು ಆ ಮಗಳೇ ಹೊರತು ನಾನಲ್ಲ. ಆದ್ದರಿಂದ ಪೆನ್ಸಿಲಿನ ಡಬ್ಬಿಯನ್ನು ಅದರ ಅಳತೆಯ ಸಾದಾ ಕಾಗದದಲ್ಲಿ ಸುತ್ತಿ ಕೊಡುವೆನು. ನೂರಿಪ್ಪತ್ತು ರೂಪಾಯಿ ಮಾತ್ರ ತೆಗೆದುಕೊಳ್ಳುವೆನು. ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ನಾನೇ ಒಂದು ಪತ್ರ ಬರೆದು, ನೇರವಾಗಿ ಹೋಗಿ ಮಾತನಾಡಿ ಬರುವೆನು. ಕಳೆದ ವರ್ಷ ಪೆಟ್ಟಿಗೆಗೆಂದು, ಹೊಳಪಿಗೆಂದು ಆತನಿಂದ ಪಡೆದ ನೂರ ಅರವತ್ತು ರೂಪಾಯಿ ನನ್ನ ಪುಸ್ತಕದಲ್ಲಿ ಲಾಭವೆಂದು ಜಮೆಯಾಗಿತ್ತು. ಅದನ್ನು ಈಗ ಬಾಕಿ ಎಂದು ತಿದ್ದಿ ಬರೆದಿದ್ದೇನೆ.